ಒಂಬತ್ತು ಪುಟದ ರಿಪೋರ್ಟು, ಆರು ಮೂಟೆ ಸೊಪ್ಪು

ಮಾವು ಹೂ ಬಿಡುವ ತಿಂಗಳಲ್ಲಿ ನಾನು ಯಾರ ಸೊಪ್ಪನ್ನೂ ನಂಬುವುದಿಲ್ಲ. ನಮ್ಮ ಮಾಗಡಿ ಸೀಮೆಯಲ್ಲಿ ಬದುವಿನ ಈಚೆ ಹಿಪ್ಪುನೇರಳೆ, ಆಚೆ ಮಾವಿನ ತೋಪು. ಹೂವಿಗೆ ಜಿಗಿಹುಳು ಬಿತ್ತೆಂದು ತೋಪಿನವರು ಔಷಧಿ ಹೊಡೆದರೆ, ಗಾಳಿ ಅದರಲ್ಲೊಂದು ಪಾಲನ್ನು ಈಚೆಗೂ ತರುತ್ತದೆ. ಎಲೆ ನೋಡಲು ಚೆನ್ನಾಗಿಯೇ ಇರುತ್ತದೆ. ರೇಷ್ಮೆ ಹುಳು ಅದನ್ನು ತಿಂದರೆ ಕತ್ತಲಾಗುವುದರೊಳಗೆ ಸಾಯುತ್ತದೆ. ಇದನ್ನು ಬರೆಯುವಾಗಲೂ ನನಗೆ ಕೋಪ ಬರುತ್ತದೆ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿಬಿಡುತ್ತೇನೆ.

ಗುಡೇಮಾರನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಖಾಸಗಿ ಚಾಕಿ ಕೇಂದ್ರದ ಉಸ್ತುವಾರಿ ನನ್ನದಾಗಿತ್ತು. ಚಾಕಿ ಅಂದರೆ ರೇಷ್ಮೆ ಹುಳುವಿನ ಬಾಣಂತನ. ಮೊಟ್ಟೆಯೊಡೆದು ಬಂದ ಮರಿ ಇರುವೆಗಿಂತ ಸಣ್ಣದು, ರೈತರ ಮನೆಯ ಬಿಸಿಲು ಗಾಳಿಯನ್ನು ತಡೆಯುವುದಿಲ್ಲ. ಎರಡು ಸಲ ಪೊರೆ ಬಿಡುವತನಕ ನಾವೇ ಸಾಕಿ, ಆಮೇಲೆ ರೈತರಿಗೆ ಕೊಡುತ್ತಿದ್ದೆವು. ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ, ತಲೆಯೆತ್ತಿ ಅಲ್ಲಾಡದೆ ಕೂತಿರುತ್ತದೆ. ಎಲ್ಲ ಹುಳುವೂ ಜ್ವರದಿಂದ ಎದ್ದ ಮೇಲೆ ಒಂದೇ ಹೊತ್ತಿಗೆ ಸೊಪ್ಪು ಹಾಕಬೇಕು. ಹೆಚ್ಚು ಕಡಿಮೆಯಾದರೆ ಒಂದೇ ತಟ್ಟೆಯಲ್ಲಿ ಅಣ್ಣ ತಮ್ಮಂದಿರು ಹುಟ್ಟಿಕೊಳ್ಳುತ್ತಾರೆ, ಕೊನೆಗೆ ಗೂಡು ಕಟ್ಟುವಾಗ ಅರ್ಧ ಹುಳು ಹಣ್ಣಾಗಿದ್ದರೆ ಅರ್ಧ ಇನ್ನೂ ಮೇಯುತ್ತಿರುತ್ತವೆ.

ಈ ಕೆಲಸ ನನಗೆ ಹೇಳಿ ಮಾಡಿಸಿದ ಹಾಗಿತ್ತು. ಒಳಗೆ ಹೋಗುವವರು ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಬೇಕು. ಸೆಂಟು, ಪೌಡರು ಹಾಕಿ ಬರಬಾರದು, ಮಲ್ಲಿಗೆ ಮುಡಿದು ಬರಬಾರದು. ರೇಡಿಯೋ ಇಲ್ಲ, ಹರಟೆ ಇಲ್ಲ. ದಿನಾ ಅದೇ ಹೊತ್ತಿಗೆ ಅದೇ ಕೆಲಸ. ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರಿಗೆ ಇದು ಜೈಲು ಅನಿಸುತ್ತಿತ್ತು. ನನಗೆ ಲೋಕದಲ್ಲಿ ಉಸಿರಾಡಲು ಸಿಕ್ಕ ಜಾಗ ಅದೊಂದೇ. ಹೊರಗಿನಿಂದ ಬಂದ ಸೊಪ್ಪನ್ನು ಮೂಟೆ ಬಿಚ್ಚುವ ಮೊದಲೇ ಮೂಸಿ ಹೇಳುತ್ತಿದ್ದೆ, ಇದು ಬಾಡಿದೆ, ಇದು ಮೂಟೆಯಲ್ಲಿ ಬೆಂದಿದೆ, ಇದರ ಮೇಲೆ ಟ್ರ್ಯಾಕ್ಟರಿನ ಹೊಗೆ ಕೂತಿದೆ ಎಂದು. ಮಾಲೀಕರು ಬಂದವರಿಗೆಲ್ಲ, "ನಮ್ ಮೇಡಂ ಮೂಗಿಗೆ ಮೀಟರ್ ಮಡಗವ್ರೆ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ನಾನು ಮದುವೆಯಾಗಬೇಕೆಂದಿದ್ದವನೂ ಅಲ್ಲೇ ಫೀಲ್ಡ್ ಕೆಲಸ ನೋಡಿಕೊಳ್ಳುತ್ತಿದ್ದ. ರೈತರಿಂದ ಮೊಟ್ಟೆಗೆ ಬುಕಿಂಗ್ ತರುವುದು, ವ್ಯಾನಿನಲ್ಲಿ ಹುಳು ತಲುಪಿಸುವುದು, ಆಮೇಲೆ ಹೋಗಿ ವಿಚಾರಿಸುವುದು, ಎಲ್ಲ ಅವನದೇ. ಮಾತುಗಾರ. ನನಗೆ ಮಾತು ಬಾರದಿದ್ದರಿಂದಲೋ ಏನೋ, ಅವನು ಮಾತಾಡುತ್ತಿದ್ದರೆ ಕೇಳುತ್ತ ಕೂರುವುದು ಹಿತವಾಗಿತ್ತು. ಕೇಂದ್ರದಲ್ಲಿ ಒಬ್ಬರಿಗೊಬ್ಬರು ನೀವು, ತಾವು. ಹೊರಗೆ ನೀನು, ನಾನು. ವಾರಕ್ಕೊಂದು ದಿನ ಮಂಚನಬೆಲೆ ಡ್ಯಾಂ ಕಡೆಗೋ ಬಿಡದಿಗೋ ಬೈಕಿನಲ್ಲಿ ಹೋಗುತ್ತಿದ್ದೆವು. ತಟ್ಟೆ ಇಡ್ಲಿ ಹೋಟೆಲಿನ ಒಳಗೆ ಪಾತ್ರೆ ಕುಕ್ಕುವ ಸದ್ದನ್ನು ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಪಾರ್ಸಲ್ ತಂದು ಮರದ ಕೆಳಗೆ ತಿನ್ನೋಣ ಎನ್ನುತ್ತಿದ್ದೆ. ಜನ ನೋಡಿಯಾರು ಎಂದು ನಾಚಿಕೆ ಪಡುತ್ತೇನೆಂದು ಅವನು ಅಂದುಕೊಂಡಿದ್ದ. ನಾನು ತಿದ್ದಲಿಲ್ಲ. ನಾಚಿಕೆ ಅಂದರೆ ಹೆಣ್ಣಿಗೆ ಶೋಭೆ, ತಿದ್ದಿ ಕಳೆದುಕೊಳ್ಳುವುದು ಏಕೆ ಎಂಬ ಲೆಕ್ಕಾಚಾರ ನನಗೂ ಇತ್ತು.

ರಾಮನಗರದ ಥಿಯೇಟರಿನಲ್ಲಿ ಆ ಲೆಕ್ಕ ತಪ್ಪಿತು. ಹೊಡೆದಾಟದ ಸದ್ದು, ಮುಂದಿನವರ ಸೆಂಟು, ಪಾಪ್‌ಕಾರ್ನಿನ ಎಣ್ಣೆ, ಮೇಲಿನಿಂದ ಎಸಿ. ಅರ್ಧ ಗಂಟೆಯಲ್ಲಿ ಎರಡು ಕಿವಿಯನ್ನೂ ಮುಚ್ಚಿಕೊಂಡು ಬಾಗಿ ಕೂತವಳು ಎದ್ದು ಓಡಿದೆ, ಹೊರಗಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಅವನು ಹಿಂದೆ ಬಂದವನು, "ಇದೇನೆ ಇದು, ಜನ ನಾನೇನೋ ಮಾಡ್ದೆ ಅನ್ಕಳಕ್ಕಿಲ್ವಾ?" ಎಂದ. ಅವನು ಹೇಳಿದ್ದೂ ನಿಜವೇ.

ಅದಾದ ಮೇಲೆ ನಾನು ಯಾರಿಗೂ ಹೇಳದೆ ರಾಮನಗರದಲ್ಲಿ ರೈಲು ಹತ್ತಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆ. ಒಂದಲ್ಲ, ನಾಲ್ಕು ಸಲ. ಡಾಕ್ಟರಮ್ಮ ನನ್ನ ಬಾಲ್ಯದ ವಿಷಯ ಕೇಳಿದರು, ಒಗಟಿನಂಥ ಪರೀಕ್ಷೆ ಮಾಡಿದರು, ಕೊನೆಗೆ ಒಂಬತ್ತು ಪುಟದ ರಿಪೋರ್ಟು ಕೊಟ್ಟರು. ಆಟಿಸಂ ಸ್ಪೆಕ್ಟ್ರಂ ಎಂದು ಮೊದಲ ಪುಟದಲ್ಲೇ ಇತ್ತು. ಇದು ಕಾಯಿಲೆಯಲ್ಲ, ನಿಮ್ಮ ತಲೆ ಹುಟ್ಟಿನಿಂದಲೇ ಕೆಲಸ ಮಾಡುವ ರೀತಿ ಇದು ಎಂದು ಅವರು ವಿವರಿಸಿದಾಗ ನನಗೆ ದುಃಖವಾಗಲಿಲ್ಲ. ಮೂವತ್ತೊಂದು ವರ್ಷ ಎಲ್ಲರಿಂದ ಹಠಮಾರಿ, ಒರಟಿ, ಜಂಬಗಾತಿ ಎಂದು ಅನ್ನಿಸಿಕೊಂಡವಳಿಗೆ ಕೊನೆಗೂ ಸರಿಯಾದ ಹೆಸರು ಸಿಕ್ಕಿತಲ್ಲ ಎಂದು ವಾಪಸಾಗುವ ರೈಲಿನಲ್ಲಿ ಸಮಾಧಾನವೇ ಆಯಿತು.

ಅಷ್ಟರಲ್ಲಿ ಮದುವೆಯ ಮಾತು ಬಂದಿತ್ತು. ಅವನಿಗೆ ತಂದೆಯಿಲ್ಲ, ಮನೆಯ ಯಜಮಾನಿಕೆ ದೊಡ್ಡಪ್ಪನದು. ದೊಡ್ಡಪ್ಪ ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಆ ಮಾತುಕತೆ ನಡೆಯುವ ಮೊದಲೇ ಅವನಿಗೆ ಹೇಳಬೇಕೆಂದು ತೀರ್ಮಾನಿಸಿದೆ. ಮುಚ್ಚಿಟ್ಟು ಮದುವೆಯಾಗುವುದು ನನ್ನಿಂದಾಗದ ಕೆಲಸ, ಮುಖದ ಮೇಲೆ ಸುಳ್ಳು ನಿಲ್ಲಿಸಲು ನನಗೆ ಬರುವುದಿಲ್ಲ.

ಸಾವನದುರ್ಗಕ್ಕೆ ಹೋದೆವು. ಶನಿವಾರ ಭಾನುವಾರ ಬೆಟ್ಟ ಹತ್ತುವವರ ಗದ್ದಲ, ಅದಕ್ಕೇ ಸೋಮವಾರ ಹೋದದ್ದು. ಬೆಟ್ಟದ ಬುಡದಲ್ಲಿ ಬಂಡೆಯ ನೆರಳಿಗೆ ಕೂತೆವು. ಅವನು ಸೌತೆಕಾಯಿ ಕೊಂಡು ತಂದಿದ್ದ. ಮಾತು ಕೈಕೊಡುತ್ತದೆಂದು ಗೊತ್ತಿದ್ದರಿಂದ ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ತಲೆಯೆತ್ತದೆ ಓದಿದೆ.

ಓದಿ ಮುಗಿಸಿದಾಗ ಅವನು ನಕ್ಕ. "ಇಷ್ಟೇನಾ? ಬೇರೆ ಯಾರೋ ಅವ್ನೆ ಅಂತ ಹೇಳಕ್ಕೆ ಕರ್ಕಂಡ್ ಬಂದೆ ಅನ್ಕಂಡು ನಂಗೆ ಎದೆ ನಿಂತೋಗಿತ್ತು ಕಣೆ."

"ರಿಪೋರ್ಟ್ ತಂದಿದೀನಿ. ನೋಡ್ತೀಯಾ?"

ಅವನು ಹಾಳೆ ತಿರುವಿದ. ಆರನೇ ಪುಟದಲ್ಲಿ ವಾಸನೆ, ಶಬ್ದ, ಸ್ಪರ್ಶಗಳಿಗೆ ಇವರ ಪ್ರತಿಕ್ರಿಯೆ ಸಾಮಾನ್ಯಕ್ಕಿಂತ ಹೆಚ್ಚು ಎಂಬ ಅರ್ಥದ ಇಂಗ್ಲಿಷ್ ಸಾಲಿತ್ತು. ಅದರ ಮೇಲೆ ಬೆರಳಿಟ್ಟು ಕೇಳಿದ, "ಅಂದ್ರೆ ಇಲ್ದಿರೋ ವಾಸ್ನೆನೂ ಬತ್ತದಾ?"

"ಇಲ್ಲ. ಇರೋದೇ ಜಾಸ್ತಿ ಬರುತ್ತೆ. ಯಾವುದಕ್ಕೆ ಎಷ್ಟು ತಲೆ ಕೆಡಿಸ್ಕೋಬೇಕು ಅಂತ ಒಂದೊಂದ್ಸಲ ಗೊತ್ತಾಗಲ್ಲ, ಅಷ್ಟೇ."

"ಹೋಗ್ಲಿ ಬುಡು. ಒಸಿ ಫೋಟೋ ತಕ್ಕತೀನಿ, ಮನೇಲಿ ನಿಧಾನಕ್ಕೆ ಓದ್ತೀನಿ." ಒಂಬತ್ತೂ ಪುಟವನ್ನು ಫೋನಿನಲ್ಲಿ ತೆಗೆದುಕೊಂಡ. "ಯಾರ್ಗೂ ಹೇಳಕ್ಕಿಲ್ಲ, ನಮ್ಮವ್ವಂಗೂ ಹೇಳಕ್ಕಿಲ್ಲ" ಎಂದು ನಾನು ಕೇಳದೆಯೇ ಮಾತು ಕೊಟ್ಟ. ನನಗೆ ಅಳು ಬಂತು. ಸೌತೆಕಾಯಿಗೆ ಉಪ್ಪು ಕಾರ ಹಚ್ಚಿ ಕೈಗಿಟ್ಟ. ಆ ದಿನ ನಾನು ಸುಖವಾಗಿದ್ದೆ, ಅದನ್ನು ಇಲ್ಲವೆನ್ನುವುದಿಲ್ಲ.

ಆಮೇಲಿನ ವಾರಗಳಲ್ಲಿ ಅವನು ಬದಲಾದ. ಕೆಟ್ಟವನಾದ ಎಂದಲ್ಲ, ಅತಿ ಒಳ್ಳೆಯವನಾದ. ಹೋಟೆಲಿನಲ್ಲಿ, "ಇವ್ರಿಗೆ ಸದ್ದು ಆಗಕ್ಕಿಲ್ಲ, ಒಸಿ ಮೆಲ್ಲಕ್ಕೆ" ಎಂದು ಸಪ್ಲೈಯರಿಗೆ ನನ್ನೆದುರೇ ಹೇಳುವುದು. ನನ್ನ ಹತ್ತಿರ ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಮಾತಾಡುವುದು. ವ್ಯಾನು ತಡವಾಗಿ ತಂದನೆಂದು ನಾನು ರೇಗಿದರೆ, ಮುಖವನ್ನೇ ನೋಡುತ್ತ, "ಇದು ಅದೇನಾ?" ಎಂದು ಮರುಕದಿಂದ ಕೇಳುವುದು. ಅದಲ್ಲ, ನೀನು ತಡವಾಗಿ ಬಂದದ್ದು ಎಂದರೆ ತಲೆಯಾಡಿಸುತ್ತಿದ್ದ. ನನ್ನ ಕೋಪ ನನ್ನದೆಂದು ಒಪ್ಪಿಸಲು ನನಗೆ ಆಗಲೇ ಇಲ್ಲ.

ಮಾವಿನ ತೋಪುಗಳೆಲ್ಲ ಹೂವಾಗಿದ್ದಾಗ ಆ ಬ್ಯಾಚು ಬಂತು. ಇಪ್ಪತ್ತೆರಡು ಮಂದಿ ರೈತರಿಗೆ ಕೊಡಬೇಕಾದ ಹುಳು. ಒಡೆಯುವ ಸೂಚನೆಯಾಗಿ ಮೊಟ್ಟೆಗೆ ನೀಲಿ ಚುಕ್ಕೆ ಬಿದ್ದ ದಿನ ಕಪ್ಪು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಟ್ಟೆ, ಮೂರನೆಯ ಬೆಳಿಗ್ಗೆ ಬೆಳಕಿಗೆ ಒಡ್ಡಿದೆ. ಎರಡು ಗಂಟೆಯಲ್ಲಿ ಎಲ್ಲ ಒಟ್ಟಿಗೆ ಒಡೆದವು. ಎಳೆ ಸೊಪ್ಪನ್ನು ಸಾಸಿವೆಯಷ್ಟು ಸಣ್ಣಗೆ ಹೆಚ್ಚಿ ಉದುರಿಸಿ, ಮರಿಗಳನ್ನು ತಟ್ಟೆಗೆ ಇಳಿಸಿ ಚಾಕಿ ಕಟ್ಟಿದೆವು. ಕೋಣೆಯ ಶಾಖ ಇಪ್ಪತ್ತೆಂಟು ಡಿಗ್ರಿ ದಾಟದಂತೆ, ತೇವ ಆರದಂತೆ ನೋಡಿಕೊಂಡೆವು. ಮೊದಲ ಜ್ವರಕ್ಕೆ ಕೂತಾಗ ಹುಳುವಿನ ಕೆಳಗಿನ ಸೊಪ್ಪಿನ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಧೂಳಿಸಿದೆವು. ಅಷ್ಟು ಏಕರೂಪವಾದ ಬ್ಯಾಚನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ತೊಂದರೆ ಸೊಪ್ಪಿನದು. ನಮ್ಮ ತೋಟದ ಒಂದು ಭಾಗವನ್ನು ಕತ್ತರಿಸಿದ್ದೆವು, ಚಿಗುರು ಇನ್ನೂ ಬಂದಿರಲಿಲ್ಲ. ಇರುವ ಸೊಪ್ಪು ಎಲ್ಲ ತಟ್ಟೆಗಳಿಗೆ ಒಂದು ಹೊತ್ತಿಗೆ ತೆಳುವಾಗಿ ಸಾಲುವಷ್ಟು ಮಾತ್ರ. ಮಾಲೀಕರು ಹೊರಗಿನಿಂದ ಸೊಪ್ಪು ಕೊಳ್ಳಲು ಒಪ್ಪಿದರು, ತರುವ ಜವಾಬ್ದಾರಿ ಅವನು ವಹಿಸಿಕೊಂಡ. ಆ ಮೊದಲ ಜ್ವರದಿಂದ ಹುಳುಗಳು ಏಳುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಒದ್ದೆ ಗೋಣಿತಾಟು ಹೊದಿಸಿದ ಆರು ಮೂಟೆ ಸೊಪ್ಪು ಬಂತು. ಅವನ ದೊಡ್ಡಪ್ಪನ ತೋಟದ್ದು.

ಮೂಟೆ ಇಳಿಸುವಾಗಲೇ ನನ್ನ ಮೂಗಿಗೆ ಬಡಿಯಿತು. ಹಸಿ ಸೊಪ್ಪಿನ ವಾಸನೆಯ ಕೆಳಗೆ ತೆಳುವಾಗಿ, ಸೀಮೆಎಣ್ಣೆಗೂ ಕೊಳೆತ ಬೆಳ್ಳುಳ್ಳಿಗೂ ನಡುವಿನ ಒಂದು ವಾಸನೆ. ಕೆಲಸದ ಹೆಂಗಸರಿಬ್ಬರೂ ಮೂಸಿದರು. ಒಬ್ಬಾಕೆ, "ಒಸಿ ಬಂದಂಗಾಯ್ತದೆ ಕಣಮ್ಮ" ಎಂದಳು. ಇನ್ನೊಬ್ಬಾಕೆಗೆ ಏನೂ ತಿಳಿಯಲಿಲ್ಲ.

"ತೋಟದ ಪಕ್ಕ ಮಾವಿನ ತೋಪಿದೆಯಾ?" ಎಂದು ಅವನನ್ನು ಕೇಳಿದೆ.

"ಐತೆ. ಗುತ್ತಿಗೆ ಕೊಟ್ಟವ್ರೆ."

"ಔಷಧಿ ಹೊಡೆದ್ರಾ?"

"ನಂಗೇನ್ ಗೊತ್ತು? ಗುತ್ತಿಗೆಯವ್ರು ಹೇಳಿ ಹೊಡೀತಾರಾ?"

ಹೊರಗಿನ ಸೊಪ್ಪಿನ ಮೇಲೆ ಅನುಮಾನ ಬಂದರೆ ಮಾಡುವ ಕ್ರಮ ಒಂದಿದೆ. ಬೇರೆ ತಟ್ಟೆಯಲ್ಲಿ ಐವತ್ತು ಹುಳು ತೆಗೆದುಕೊಂಡು ಅವಕ್ಕೆ ಮಾತ್ರ ಆ ಸೊಪ್ಪು ಹಾಕಿ, ಮುಂದಿನ ಹೊತ್ತಿನ ಸೊಪ್ಪು ಹಾಕುವವರೆಗೆ ಕಾಯಬೇಕು. ಹುಳು ಸಹಜವಾಗಿ ಮೇದುಕೊಂಡಿದ್ದರೆ ಸೊಪ್ಪು ಒಳ್ಳೆಯದು. ಪ್ರತಿ ಮೂಟೆಯಿಂದಲೂ ಒಂದು ಹಿಡಿ ತೆಗೆದು ಹೆಚ್ಚಿ, ತಟ್ಟೆಗೆ ಹಾಕಿ, ಮೇಲೆ ಗಂಟೆ ಬರೆದೆ. ಸಂಜೆವರೆಗೆ ಎಲ್ಲದಕ್ಕೂ ನಮ್ಮ ತೋಟದ ಸೊಪ್ಪನ್ನೇ ತೆಳುವಾಗಿ ಹಾಕೋಣ ಎಂದೆ.

ಅವನು ನನ್ನನ್ನು ಮೂಲೆಗೆ ಕರೆದ. "ದೊಡ್ಡಪ್ಪ ಗುರುವಾರ ನಿಮ್ಮನೆಗೆ ಬತ್ತಾವ್ರೆ, ನೆಪ್ಪೈತಾ? ನಿನ್ನ ಒಪ್ಕಳ್ಳಿ ಅಂತ್ಲೇ ಅವ್ರ ಸೊಪ್ಪು ತರ್ಸಿದ್ದು. ಅವ್ರ ಮೂಟೆ ವಾಪಸ್ ಕಳ್ಸುದ್ರೆ ನಮ್ ಮಾತುಕತೆ ಅಲ್ಲಿಗೇ ಮುಗೀತು."

"ವಾಪಸ್ ಕಳಿಸ್ತಾ ಇಲ್ಲ. ಸಂಜೆವರೆಗೆ ಕಾಯೋಣ ಅಂತಿದೀನಿ."

"ಪರೀಕ್ಷೆಗಿಕ್ಕುದ್ರು ಅಂತ ಗೊತ್ತಾದ್ರೆ ಸಾಕು ಅವ್ರಿಗೆ."

ಹನ್ನೊಂದಕ್ಕೆ ಮಾಲೀಕರು ಬಂದರು. ಹುಳು ತಲೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ತೆಳುವಾಗಿ ಹಾಕಿದರೆ ಬ್ಯಾಚು ಹೆಚ್ಚು ಕಡಿಮೆಯಾಗುತ್ತದೆಂದು ಅವರಿಗೆ ಚಿಂತೆ, ಅದು ತಪ್ಪು ಚಿಂತೆಯೇನಲ್ಲ. ನಾನು ನನ್ನ ಮಾತಿಗೇ ನಿಂತೆ. ಇನ್ನು ಯಾವ ದಿನವಾಗಿದ್ದರೂ ಅವರು ಒಪ್ಪುತ್ತಿದ್ದರು, ಹಿಂದೆ ಎರಡು ಸಲ ಒಪ್ಪಿದ್ದರು. ಅವನು ಮಾಲೀಕರನ್ನು ಮಾತಾಡಬೇಕೆಂದು ಹೊರಗೆ ಕರೆದುಕೊಂಡು ಹೋದ. ಬಾಗಿಲಿನ ಗಾಜಿನಲ್ಲಿ ಇಬ್ಬರೂ ಕಾಣುತ್ತಿದ್ದರು. ಅವನು ಫೋನು ತೆಗೆದು ಏನೋ ತೋರಿಸಿದ. ಮಾಲೀಕರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು.

ಒಳಗೆ ಬಂದಾಗ ಅವರ ದನಿಯೇ ಬೇರೆಯಾಗಿತ್ತು. ಐದು ವರ್ಷದಿಂದ ನನ್ನನ್ನು ಮೇಡಂ ಎಂದು ಬಹುವಚನದಲ್ಲಿ ಕರೆದು, ಬೇಕಾದಾಗ ಮುಖಕ್ಕೆ ಮುಖ ಕೊಟ್ಟು ಜಗಳವಾಡುತ್ತಿದ್ದ ಮನುಷ್ಯ, "ನೋಡವ್ವ," ಎಂದು ಮೆಲ್ಲಗೆ ಶುರು ಮಾಡಿದರು. "ಇದ್ರಲ್ಲಿ ನಿಂದೇನ್ ತಪ್ಪಿಲ್ಲ. ಒಬ್ಬೊಬ್ಬರ ತಲೆ ಹಂಗಿರ್ತದಂತೆ. ಡಾಕ್ಟ್ರೇ ಬರ್ದವ್ರಲ್ಲ ಆರ್ನೇ ಪೇಜಲ್ಲಿ, ವಾಸ್ನೆ ಗೀಸ್ನೆ ಜಾಸ್ತಿ ಅನ್ನಿಸ್ತದೆ ಅಂತ. ನೀನ್ ಎದುರ್ಕಬೇಡ. ಸೊಪ್ಪು ಹಾಕ್ಸು."

ನಾನು ಅವನ ಕಡೆ ನೋಡಿದೆ. ಅವನು ಕಣ್ಣಲ್ಲೇ ಸಮಾಧಾನ ಹೇಳಿದ, ನನಗೆ ಉಪಕಾರ ಮಾಡಿದವನ ಹಾಗೆ.

ಅವನ ಮೇಲಿನ ಸಿಟ್ಟನ್ನು ಎಷ್ಟು ಬೇಕಾದರೂ ಬರೆಯಬಲ್ಲೆ. ಆದರೆ ಆ ಎರಡು ಗಂಟೆ ನನ್ನೊಳಗೆ ಏನು ನಡೆಯಿತೆಂದು ಬರೆಯುವುದು ಕಷ್ಟ. ನಾನು ಮತ್ತೆ ಮತ್ತೆ ಮೂಟೆಯ ಹತ್ತಿರ ಹೋಗಿ ಮೂಸಿದೆ. ವಾಸನೆ ಇತ್ತು. ಇದೆಯೋ, ಇದೆ ಅನಿಸುತ್ತಿದೆಯೋ? ಯಾವುದಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳಬೇಕೆಂದು ಗೊತ್ತಾಗುವುದಿಲ್ಲ ಎಂದು ಬಂಡೆಯ ನೆರಳಲ್ಲಿ ಕೂತು ನಾನೇ ಹೇಳಿದ್ದೆನಲ್ಲ. ಪರೀಕ್ಷೆಯ ತಟ್ಟೆಯ ಹುಳು ಆಗಿನ್ನೂ ಚೆನ್ನಾಗಿ ಮೇಯುತ್ತಿದ್ದವು. ಡಾಕ್ಟರಮ್ಮನ ಸಹಿ ಇದೆ, ಮುದ್ರೆ ಇದೆ, ಮಾಲೀಕರೂ ಅವನೂ ಒಂದು ಕಡೆ ಇದ್ದಾರೆ, ನನ್ನ ಕಡೆ ನನ್ನ ಮೂಗೊಂದೇ. ಇದರ ಜೊತೆಗೆ ಗುರುವಾರವೂ ಇತ್ತು. ನನಗೆ ಅವನು ಬೇಕಿತ್ತು. ಮನೆ ಬೇಕಿತ್ತು, ನಾಲ್ಕು ಜನರಂತೆ ಬದುಕಬೇಕಿತ್ತು. ನಾಲ್ಕು ಜನರು ಆ ಸೊಪ್ಪನ್ನು ಒಳ್ಳೆಯದು ಅನ್ನುತ್ತಿದ್ದರು.

ಒಂದು ಗಂಟೆಗೆ ನಾನೇ ಮೊದಲ ತಟ್ಟೆಗೆ ಸೊಪ್ಪು ಉದುರಿಸಿದೆ. ಹಸಿದಿದ್ದ ಹುಳು ಮುತ್ತಿಕೊಂಡವು. ಮೇಯುವ ಸದ್ದು ನನಗೆ ಕೇಳಿಸುತ್ತದೆ, ಬೇರೆಯವರಿಗೆ ಅಷ್ಟು ಎಳೆ ಹುಳುವಿನದು ಕೇಳಿಸುವುದಿಲ್ಲವಂತೆ.

ಮೂರು ಗಂಟೆಗೆ ಪರೀಕ್ಷೆಯ ತಟ್ಟೆಯಲ್ಲಿ ಶುರುವಾಯಿತು. ಮೊದಲು ಕೆಲವು ಹುಳು ಸೊಪ್ಪು ಬಿಟ್ಟು ಅಂಚಿಗೆ ಓಡಿದವು. ಆಮೇಲೆ ತಲೆಯನ್ನು ಅತ್ತಿತ್ತ ಒಗೆಯತೊಡಗಿದವು. ಬಾಯಲ್ಲಿ ಹಸಿರು ನೀರು ಬಂತು, ಮೈ ಕುಗ್ಗಿ ಗಿಡ್ಡವಾಯಿತು. ಐವತ್ತರಲ್ಲಿ ನಲವತ್ತು ಹೀಗಾಗುವುದನ್ನು ನಿಂತು ನೋಡಿದೆ. ನಾನೇ ಇಟ್ಟ ಪರೀಕ್ಷೆ ನಾನು ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಿತು. ಎರಡು ಗಂಟೆ ತಡವಾಗಿತ್ತು, ಅಷ್ಟೇ.

"ಬಲೆ ತನ್ನಿ," ಎಂದು ಕೂಗಿದೆ. ಆ ಕೋಣೆಯಲ್ಲಿ ಜೋರಾಗಿ ಮಾತಾಡಿದ್ದು ಅದೇ ಮೊದಲು. ಹಾಸಿಗೆ ಬದಲಿಸುವಾಗ ಬಳಸುವ ಸಣ್ಣ ಕಣ್ಣಿನ ಬಲೆಯನ್ನು ಪ್ರತಿ ತಟ್ಟೆಯ ಮೇಲೂ ಹಾಸಿ, ಮೇಲೆ ನಮ್ಮ ತೋಟದ ಸೊಪ್ಪು ಹಾಕಿದೆವು. ಕೆಳಗಿನ ಸೊಪ್ಪು ಬಿಟ್ಟು ಶಕ್ತಿಯಿದ್ದ ಹುಳು ಬಲೆಯ ಮೂಲಕ ಮೇಲೆ ಹತ್ತುತ್ತವೆ, ಆಗ ಬಲೆ ಸಮೇತ ಎತ್ತಿ ಬೇರೆ ತಟ್ಟೆಗೆ ಹಾಕಬಹುದು. ಹೆಂಗಸರಿಬ್ಬರೂ ಊಟ ಬಿಟ್ಟು ಓಡಾಡಿದರು. ಅವನೂ ಕೈ ಹಚ್ಚಿದ. ಸಂಜೆ ಹೊತ್ತಿಗೆ ಮೇಲೆ ಹತ್ತಿ ಬಂದದ್ದು ನಾಲ್ಕೈದು ಮಂದಿ ರೈತರಿಗೆ ಸಾಲುವಷ್ಟು. ಉಳಿದದ್ದನ್ನು ಗುಂಡಿ ತೆಗೆಸಿ ಸುಣ್ಣ ಹಾಕಿ ಮುಚ್ಚಿಸಿದೆ.

ಮಾರನೆಯ ದಿನ ಹತ್ತು ಗಂಟೆಗೆ ರೈತರನ್ನು ಕರೆಸಲಾಯಿತು. ಅದಕ್ಕೆ ಅರ್ಧ ಗಂಟೆ ಮೊದಲು ಮಾಲೀಕರು ನನ್ನನ್ನು ಆಫೀಸ್ ರೂಮಿಗೆ ಕರೆದರು. ಅವನೂ ಅಲ್ಲೇ ಕೂತಿದ್ದ. ಅವರು ಆಗಲೇ ಮಾತಾಡಿಕೊಂಡಿದ್ದರು.

"ಸೊಪ್ಪಿನ ವಿಚಾರ ಎತ್ತದು ಬ್ಯಾಡ," ಎಂದರು ಮಾಲೀಕರು. "ಹೊರಗಿನ ಸೊಪ್ಪು ತಂದು ಸಾಯ್ಸುದ್ರು ಅಂದ್ರೆ ಇನ್ ಮುಂದೆ ಒಬ್ಬ ರೈತ ಈ ಬಾಗ್ಲಿಗೆ ಬರಕ್ಕಿಲ್ಲ. ಕ್ರಿಮಿ ಸಾಯ್ಲಿ ಅಂತ ಕೋಣೆಗೆ ಹೊಡ್ಯೋ ಔಷಧಿ ಹೆಚ್ಚು ಕಮ್ಮಿ ಆಯ್ತು ಅನ್ನಣ."

"ಕೋಣೆಗೆ ಔಷಧಿ ಹೊಡೆಸೋದು ನಾನು."

"ಅದ್ಕೇಯ ನಿನ್ ಕರ್ದಿದ್ದು."

ಅವನು ಕುರ್ಚಿ ಹತ್ತಿರಕ್ಕೆಳೆದುಕೊಂಡ. "ನಿಂಗೆ ಹುಷಾರಿಲ್ಲ, ಡಾಕ್ಟ್ರ ರಿಪೋರ್ಟೂ ಐತೆ ಅಂತ ನಾನ್ ಹೇಳ್ತೀನಿ. ಹುಷಾರಿಲ್ದೋರ್ನ ಯಾರೂ ಬೈಯಕ್ಕಿಲ್ಲ, ಅಯ್ಯೋ ಪಾಪ ಅಂತಾರೆ. ದೊಡ್ಡಪ್ಪನ ಹೆಸ್ರೂ ಬರಕ್ಕಿಲ್ಲ. ಮದ್ವೆ ಆದ್ಮೇಲೆ ನೀನ್ ಕೆಲ್ಸಕ್ ಬರೋದೇನೈತೆ? ಮನೇಲಿ ನೆಮ್ಮದಿಯಾಗಿರು. ನಿನ್ ಒಳ್ಳೇದಕ್ಕೇ ಕಣೆ ಹೇಳ್ತಿರೋದು."

"ನಿನ್ನೆ ಫೋನ್ ತೋರಿಸಿದ್ದೂ ನನ್ನ ಒಳ್ಳೇದಕ್ಕಾ?"

"ಇನ್ಯಾತಕ್ಕೆ? ನೀನ್ ಹಠ ಮಾಡ್ತಿದ್ದೆ, ಅವ್ರು ನಿನ್ನ ಅಹಂಕಾರಿ ಅನ್ಕಂಬಾರ್ದು ಅಂತ."

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಹೇಸಿಗೆ ತಂದದ್ದು. ಮೋಸ ಮಾಡಿದವನ ಮುಖವಾಗಿದ್ದರೆ ಉಗಿದು ಎದ್ದು ಬರಬಹುದಿತ್ತು. ಅವನ ಮುಖದಲ್ಲಿ ಕರುಣೆಯಿತ್ತು. ನನ್ನನ್ನು ಕಾಪಾಡುತ್ತಿದ್ದೇನೆಂದು ನಿಜವಾಗಿ ನಂಬಿದ್ದ. ಆ ರಿಪೋರ್ಟನ್ನು ಅವನು ನನ್ನನ್ನು ತಿಳಿಯಲೆಂದು ಓದಿರಲೇ ಇಲ್ಲ. ನಾನು ಹೇಳಿದ್ದಕ್ಕೆಲ್ಲ ಒಂದು ಉತ್ತರ ಜೇಬಿನಲ್ಲಿರಲಿ ಎಂದು ಇಟ್ಟುಕೊಂಡಿದ್ದ.

ರೈತರು ಬರುವ ಹೊತ್ತಾಗಿತ್ತು. ಹೊರಗೆ ಹೋದೆ.

ಶೀಟಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ರೈತರನ್ನು ಕೂರಿಸಿದ್ದರು. ಮಾಲೀಕರು ಎರಡು ಮಾತು ಹೇಳಿ, ಬ್ಯಾಚು ಹೋಯಿತೆಂದು ತಿಳಿಸಿದರು. ಗುಜುಗುಜು ಎದ್ದಿತು. ಅವನು ಎದ್ದು ನಿಂತು, "ನಮ್ ಮೇಡಂಗೆ ಒಸಿ ಹುಷಾರಿಲ್ಲ" ಎಂದು ಶುರು ಮಾಡುವಷ್ಟರಲ್ಲಿ ನಾನೂ ಎದ್ದೆ. ಕೂತ್ಕೋ ಎಂದು ಅವನು ಕೈಸನ್ನೆ ಮಾಡಿದ. ಬಾಯಿ ತೆರೆದರೆ ಗುರುವಾರ ಇಲ್ಲ, ಕೆಲಸ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ತೆರೆದೆ. ಈ ಸಲ ಕಾಗದ ಇರಲಿಲ್ಲ.

"ನಾನು ಹುಷಾರಾಗೇ ಇದೀನಿ. ಆಟಿಸಂ ಅಂತ ಒಂದಿದೆ. ಅದು ಹುಟ್ಟಿನಿಂದ ಇರೋದು, ಸಾಯೋತನಕ ಇರುತ್ತೆ. ಶಬ್ದ, ವಾಸನೆ ಬೇರೆಯವರಿಗಿಂತ ಜಾಸ್ತಿ ಗೊತ್ತಾಗುತ್ತೆ. ಹುಳು ಸತ್ತದ್ದು ಅದರಿಂದಲ್ಲ, ಕೋಣೆಗೆ ಹೊಡ್ಯೋ ಔಷಧಿಯಿಂದಲೂ ಅಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯ ರೈತರು ಎದ್ದು ನಿಂತು ಗಂಭೀರವಾಗಿ ಕೇಳಿದರು, "ಅದು ಹುಳಕ್ಕೆ ಅಂಟ್ತದಾ ಮೇಡಂ?"

"ಇಲ್ಲ."

"ಅಂಗಾರೆ ಅದ್ನ ಬುಡಿ ಅತ್ಲಾಗೆ. ಯಾತರಿಂದ ಸತ್ವು ಅದ್ನ ಹೇಳಿ."

ಎಷ್ಟೋ ತಿಂಗಳಿಂದ ಒಡಲಲ್ಲಿ ಕೆಂಡದಂತೆ ಇಟ್ಟುಕೊಂಡಿದ್ದ ವಿಷಯವನ್ನು ಆ ಮನುಷ್ಯ ಒಂದೇ ಮಾತಿನಲ್ಲಿ ಪಕ್ಕಕ್ಕೆ ಸರಿಸಿಬಿಟ್ಟರು. ನನಗೆ ನಗು ಬರುವಂತಾಯಿತು. ಎಲ್ಲವನ್ನೂ ಹೇಳಿದೆ. ಸೊಪ್ಪು ಯಾರ ತೋಟದಿಂದ ಬಂತು, ಪಕ್ಕದಲ್ಲಿ ತೋಪಿತ್ತು, ವಾಸನೆ ಬಂತು, ಪರೀಕ್ಷೆಗೆ ಇಟ್ಟೆ, ಆಮೇಲೆ ಏನಾಯಿತು ಎಂದು. ಮಾಲೀಕರು ಎದ್ದು ಒಳಗೆ ಹೋದರು. ಅವನು ತಲೆ ತಗ್ಗಿಸಿ ನಿಂತಿದ್ದ. ನಾನು ಸತ್ಯ ಹೇಳಿದೆ, ಇನ್ನು ನನ್ನ ಕಡೆ ಯಾರೂ ಬೆರಳು ತೋರಿಸುವಂತಿಲ್ಲ ಎಂಬ ಹೆಮ್ಮೆ ಎದೆಯಲ್ಲಿ ಏಳುತ್ತಿತ್ತು.

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಗಂಡನಿಲ್ಲ, ಒಬ್ಬರೇ ಸಾಕಣೆ ಮಾಡುವವರು, ನಾಲ್ಕು ವರ್ಷದಿಂದ ನಮ್ಮಲ್ಲೇ ಹುಳು ಒಯ್ಯುತ್ತಿದ್ದವರು. ಅವರು ಕೂತಲ್ಲಿಂದಲೇ ಕೇಳಿದರು.

"ವಾಸ್ನೆ ಬಂದಿದ್ದು ಎಷ್ಟೊತ್ಗೆ?"

"ಒಂಬತ್ತಕ್ಕೆ."

"ಹಾಕಿದ್ದು?"

"ಒಂದು ಗಂಟೆಗೆ."

"ಹುಳದ ಮನೆ ತೊಳ್ದು ಸುಣ್ಣ ಬಳ್ದು ಮಡ್ಗಿವ್ನಿ. ಸೊಪ್ಪು ಎದೆಮಟ್ಟ ಬಂದು ನಿಂತೈತೆ, ಇನ್ನದ್ನ ದನಕ್ಕಾಕ್ಬೇಕು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಾಕ್ ಗಂಟೆ ಹೊತ್ತಿತ್ತಲ್ಲವ್ವ. ಗೊತ್ತಿದ್ದೂ ಯಾಕ್ ಹಾಕ್ದೆ?"

"ಅವರು ಹಾಕು ಅಂದರು," ಎಂದೆ.

"ಅಂದೋರು ಮೂಸಿ ನೋಡಿದ್ರಾ?"

"ಇಲ್ಲ."

ಅವರು ಎದ್ದು ಸೆರಗು ಸರಿಮಾಡಿಕೊಂಡರು.

"ನೀನ್ ಮೂಸಿದ್ದೆ," ಎಂದು ಹೇಳಿ ಹೊರಟುಹೋದರು.